‘ಫೈನ್’ ಅಂದರೆ ಆರಾಮವೋ, ದಂಡವೋ, ಸಣ್ಣ ರವೆಯೋ?

“ಸರ್, ಫೈನ್ ಅಂದ್ರ ಚಲೋ ಅಂತ ಹೇಳ್ತೀರಿ. ಮತ್ತ ಪೊಲೀಸರು ಹಾಕೋ ಫೈನ್ ಯಾಕ ಚಲೋ ಇರಲ್ಲ?”

ವಿಜಯಪುರದಲ್ಲಿ ಇಂಗ್ಲಿಷ್ ಹೇಳಿಕೊಡುವ ನನಗೆ ಈ ಪ್ರಶ್ನೆ ವರ್ಷಕ್ಕೆ ನಾಲ್ಕಾರು ಸಲ ಬಂದೇ ಬರುತ್ತದೆ. ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ಓದುವ ಹುಡುಗರು ಕೇಳುತ್ತಾರೆ. ಇಳಕಲ್ಲಿನ ಸೀರೆ ಅಂಗಡಿಯಲ್ಲಿ ಹೊರರಾಜ್ಯದ ಗಿರಾಕಿಗಳ ಜೊತೆ ಮಾತಾಡಬೇಕಾದವರು ಕೇಳುತ್ತಾರೆ. ಮಗಳ ಹೋಂವರ್ಕ್ ನೋಡಿ ತಲೆ ಕೆರೆದುಕೊಂಡ ಅಪ್ಪಂದಿರೂ ಕೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ತುಂಡು ಉತ್ತರ ಕೊಟ್ಟು ಸಾಕಾಗಿದೆ. ಆದ್ದರಿಂದ ಪೂರ್ತಿಯಾಗಿ, ಹಂತ ಹಂತವಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು. ಗೈಡ್ ಪುಸ್ತಕಗಳಲ್ಲಿ ‘ಫೈನ್ = ಗುಡ್, ಥಿನ್, ಪೆನಾಲ್ಟಿ, ಡೆಲಿಕೇಟ್, ಎಕ್ಸಲೆಂಟ್’ ಅಂತ ಒಂದೇ ಸಾಲಿನಲ್ಲಿ ಕೊಟ್ಟಿರುತ್ತಾರೆ. ಅದನ್ನು ಬಾಯಿಪಾಠ ಮಾಡಬೇಡಿ. ಸಂತೆಯಲ್ಲಿ ಕೊಂಡ ಬದನೆಕಾಯಿ, ಚಪ್ಪಲಿ, ಎಮ್ಮೆ ಹಗ್ಗ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದ ಹಾಗೆ ಅದು. ಮನೆಗೆ ಬಂದ ಮೇಲೆ ಯಾವುದು ಅಡುಗೆಮನೆಗೆ, ಯಾವುದು ಕೊಟ್ಟಿಗೆಗೆ ಅಂತ ಬೇರೆ ಮಾಡಲೇಬೇಕು. ಆ ಬೇರೆ ಮಾಡುವ ಕೆಲಸವೇ ಈ ಲೇಖನ.

ಬೇಕಾದದ್ದು ಕಡಿಮೆ. ಒಂದು ನೋಟ್‌ಬುಕ್, ಒಂದು ಪೆನ್ನು, ಮೊಬೈಲಿನಲ್ಲಿ ಒಂದು ಒಳ್ಳೆಯ ಇಂಗ್ಲಿಷ್ ನಿಘಂಟು. ಅರ್ಥದ ಜೊತೆ ಉದಾಹರಣೆ ವಾಕ್ಯ ಕೊಡುವ ನಿಘಂಟೇ ಆಗಬೇಕು. ವಾಕ್ಯ ಇಲ್ಲದ ನಿಘಂಟು ಈ ಕೆಲಸಕ್ಕೆ ಬರುವುದಿಲ್ಲ. ಎರಡು ಪಾರಿಭಾಷಿಕ ಪದ ಗೊತ್ತಿರಲಿ: ‘ಸಿನೊನಿಮ್’ ಅಂದರೆ ಸಮಾನಾರ್ಥಕ ಪದ, ‘ಆಂಟೊನಿಮ್’ ಅಂದರೆ ವಿರುದ್ಧ ಪದ. ಉಳಿದವನ್ನು ಬಂದಲ್ಲೇ ಬಿಡಿಸಿ ಹೇಳುತ್ತೇನೆ.

ಹಂತ 1: ವಾಕ್ಯದಲ್ಲಿ ಪದ ಯಾವ ಕೆಲಸ ಮಾಡುತ್ತಿದೆ ನೋಡಿ

ಅರ್ಥ ಹುಡುಕುವ ಮೊದಲು ಇದನ್ನು ಮಾಡಿ. ‘ಫೈನ್’ ನಾಲ್ಕು ಕೆಲಸ ಮಾಡುತ್ತದೆ. ನಾಮಪದ ಆಗುತ್ತದೆ, ಕ್ರಿಯಾಪದ ಆಗುತ್ತದೆ. ಇನ್ನೊಂದು ಹೆಸರನ್ನು ಬಣ್ಣಿಸುವ ‘ಅಡ್ಜೆಕ್ಟಿವ್’, ಅಂದರೆ ಗುಣವಾಚಕ ಆಗುತ್ತದೆ. ಕೆಲಸ ಹೇಗೆ ನಡೆಯಿತು ಎಂದು ಹೇಳುವ ‘ಅಡ್ವರ್ಬ್’, ಅಂದರೆ ಕ್ರಿಯಾವಿಶೇಷಣವೂ ಆಗುತ್ತದೆ.

ನಾಮಪದ ಅಥವಾ ಕ್ರಿಯಾಪದ ಆಗಿದ್ದರೆ ನಿಮ್ಮ ಕೆಲಸ ಹೆಚ್ಚು ಕಡಿಮೆ ಮುಗಿಯಿತು. ಅರ್ಥ ದಂಡ. ‘ಹಿ ಪೇಯ್ಡ್ ಎ ಫೈನ್’ ಅಂದರೆ ದಂಡ ಕಟ್ಟಿದ. ‘ದಿ ಕೋರ್ಟ್ ಫೈನ್ಡ್ ಹಿಮ್’ ಅಂದರೆ ಕೋರ್ಟು ಅವನಿಗೆ ದಂಡ ಹಾಕಿತು. ಹಿಂದೆ ‘ಎ’ ಅಥವಾ ‘ದಿ’ ಇದ್ದು, ಮುಂದೆ ಬೇರೆ ಹೆಸರೇನೂ ಇಲ್ಲದಿದ್ದರೆ ಅದು ದಂಡವೇ. ‘ಫೈನ್ಸ್’ ಎಂಬ ಬಹುವಚನ ಕಂಡರೂ ಸಾಮಾನ್ಯವಾಗಿ ದಂಡವೇ.

ಇಲ್ಲೊಂದು ಎಡವುವ ಜಾಗ ಇದೆ. ಕಾನೂನಿನ ಇಂಗ್ಲಿಷಿನಲ್ಲಿ ‘ಎ’ ಇಲ್ಲದೆಯೂ ದಂಡ ಬರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಇಂಗ್ಲಿಷ್ ಪಠ್ಯ ತೆರೆದರೆ ‘ಆರ್ ವಿತ್ ಫೈನ್, ಆರ್ ವಿತ್ ಬೋತ್’ ಎಂಬ ಸಾಲು ಮತ್ತೆ ಮತ್ತೆ ಸಿಗುತ್ತದೆ. ಜೈಲು ಅಥವಾ ದಂಡ, ಇಲ್ಲವೇ ಎರಡೂ ಎಂದು. ಪಿಎಸ್‌ಐ ಪರೀಕ್ಷೆಗೆ ಓದುವವರು ಈ ಸಾಲನ್ನು ಬರೆದಿಟ್ಟುಕೊಳ್ಳಿ.

ಗುಣವಾಚಕ ಆಗಿದ್ದರೆ ಮಾತ್ರ ಮುಂದಿನ ಹಂತಕ್ಕೆ ಬನ್ನಿ. ನಿಜವಾದ ಗೋಜಲು ಅಲ್ಲೇ ಇರುವುದು.

ಹಂತ 2: ಪಕ್ಕದ ಪದ ಯಾವುದು ನೋಡಿ

ಈ ಹಂತಕ್ಕೆ ಪುರುಸೊತ್ತು ಮಾಡಿಕೊಳ್ಳಿ. ಪದಗಳಿಗೆ ಕೆಲವು ಪದಗಳ ಜೊತೆ ಒಡನಾಟ ಜಾಸ್ತಿ. ಇದಕ್ಕೆ ‘ಕೊಲೊಕೇಶನ್’ ಎನ್ನುತ್ತಾರೆ, ಅಂದರೆ ಪದಗಳ ಜೊತೆಗಾರಿಕೆ. ಯಾರ ಜೊತೆ ಕೂತಿದೆ ಎಂದು ನೋಡಿದರೆ ‘ಫೈನ್’ ಏನು ಹೇಳುತ್ತಿದೆ ಎಂದು ಗೊತ್ತಾಗುತ್ತದೆ. ನೋಟ್‌ಬುಕ್‌ನಲ್ಲಿ ಐದು ಮನೆ ಗೀಚಿ.

ಮೊದಲನೆಯದು ಆರಾಮದ ಮನೆ. ‘ಐ ಆಮ್ ಫೈನ್.’ ನಮ್ಮ ಕಡೆ “ಆರಾಮ ಅದೀರೇನ್ರಿ?” ಎಂದು ಕೇಳಿದರೆ “ಆರಾಮ ಅದೀನ್ರಿ” ಎನ್ನುತ್ತೇವಲ್ಲ, ಅದೇ. ಇಲ್ಲಿ ‘ಫೈನ್’ ಸಾಮಾನ್ಯವಾಗಿ ಮನುಷ್ಯನ ಬಗ್ಗೆ ಇರುತ್ತದೆ. ‘ಆಮ್, ಈಸ್, ಆರ್, ಫೀಲ್’ ಇವುಗಳ ನಂತರ ಒಂಟಿಯಾಗಿ ಬರುತ್ತದೆ. ‘ದಟ್ ಈಸ್ ಫೈನ್’ ಎಂದಾಗ ಆರೋಗ್ಯದ ಮಾತಿಲ್ಲ, ಒಪ್ಪಿಗೆ ಇದೆ: ನಡೀತದ, ಆಗ್ತದ.

ಈ ಮನೆಯಲ್ಲಿ ಇನ್ನೊಂದು ಮೂಲೆ ಇದೆ. ಅದು ಗೊತ್ತಿಲ್ಲದೆ ನಮ್ಮವರು ಬಹಳ ಸಲ ಮೋಸ ಹೋಗುತ್ತಾರೆ. ಹೊರದೇಶದವರಿಗೆ “ವುಡ್ ಯು ಲೈಕ್ ಸಮ್ ಟೀ?” ಎಂದು ಕೇಳುತ್ತೀರಿ. ಅವರು “ನೋ, ಐ ಆಮ್ ಫೈನ್” ಎನ್ನುತ್ತಾರೆ. ನಾನು ಆರಾಮ ಇದ್ದೇನೆ ಎಂದು ಅವರು ಹೇಳುತ್ತಿಲ್ಲ. ಬೇಡ, ಸಾಕು ಎನ್ನುತ್ತಿದ್ದಾರೆ. ಬೆಳಗಾವಿಯ ಫೌಂಡ್ರಿಯೊಂದಕ್ಕೆ ಬಂದ ವಿದೇಶಿ ಗಿರಾಕಿ ಹೀಗೆ ಮೂರು ಸಲ ‘ಫೈನ್’ ಅಂದು ಮೂರು ಕಪ್ ಚಾ ಕುಡಿದ ಕಥೆಯನ್ನು ಒಬ್ಬ ವಿದ್ಯಾರ್ಥಿ ಹೇಳಿದ್ದ. ನಮ್ಮ ಒತ್ತಾಯವೂ ಅದಕ್ಕೆ ಸ್ವಲ್ಪ ಕಾರಣ ಇದ್ದೀತು ಬಿಡಿ.

ಎರಡನೆಯದು ಸಣ್ಣದರ ಮನೆ. ಪಕ್ಕದಲ್ಲಿ ಹಿಟ್ಟು, ಪುಡಿ, ಧೂಳು, ಉಸುಕು, ನೂಲು, ಕೂದಲು, ಸೂಜಿಯ ಮೊನೆ, ಜರಡಿ ಇಂಥವು ಇದ್ದರೆ ‘ಫೈನ್’ ಅಂದರೆ ಸಣ್ಣ, ನುಣ್ಣನೆಯ ಅಥವಾ ತೆಳು. ‘ಫೈನ್ ಫ್ಲೌರ್’ ಎಂದರೆ ನುಣ್ಣಗೆ ಬೀಸಿದ ಹಿಟ್ಟು. ರೊಟ್ಟಿ ಬಡಿಯುವವರಿಗೆ ಇದನ್ನು ವಿವರಿಸುವುದೇ ಬೇಡ. ಜೋಳದ ಹಿಟ್ಟು ತರಿತರಿಯಾದರೆ ರೊಟ್ಟಿಯ ಅಂಚು ಒಡೆಯುತ್ತದೆ. ‘ಫೈನ್ ರವಾ’ ಎಂದು ಪ್ಯಾಕೆಟ್ ಮೇಲೆ ಬರೆದಿದ್ದರೆ ಒಳ್ಳೆಯ ರವೆ ಎಂದು ತಿಳಿಯಬೇಡಿ. ಅದು ಸಣ್ಣ ರವೆ. ಗುಣ ಹೇಗಿದೆ ಎಂದು ಆ ಪದ ಹೇಳುವುದಿಲ್ಲ.

ಎಷ್ಟು ಸಣ್ಣ? ಅದು ಕಸುಬಿನಿಂದ ಕಸುಬಿಗೆ ಬೇರೆ. ಮನೆ ಕಟ್ಟುವವರ ಲೆಕ್ಕದಲ್ಲಿ ‘ಫೈನ್ ಅಗ್ರಿಗೇಟ್’ ಎಂದರೆ 4.75 ಮಿಲಿಮೀಟರ್ ಜರಡಿಯಲ್ಲಿ ಇಳಿಯುವ ಉಸುಕು. ಗಾಳಿಯ ಮಾಲಿನ್ಯ ಅಳೆಯುವವರ ‘ಫೈನ್ ಪಾರ್ಟಿಕಲ್ಸ್’ ಎಂದರೆ 2.5 ಮೈಕ್ರೊಮೀಟರ್ ಅಥವಾ ಅದಕ್ಕಿಂತ ಚಿಕ್ಕ ಕಣಗಳು. ನಮ್ಮ ಒಂದು ಕೂದಲಿನ ದಪ್ಪ ಇದರ ಸುಮಾರು 30 ಪಟ್ಟು. ಪೇಪರಿನಲ್ಲಿ ಬರುವ ‘ಪಿಎಂ 2.5’ ಇದೇ. ಒಂದೇ ಪದ, ಒಂದೇ ಮನೆ, ಆದರೂ ಅಳತೆ ಎಲ್ಲಿಂದ ಎಲ್ಲಿಗೆ ನೋಡಿ. ‘ಫೈನ್’ ಎಂದರೆ ‘ಆ ಜಾತಿಯಲ್ಲಿ ಸಣ್ಣದು’ ಎಂದಷ್ಟೇ ತಿಳಿಯಬೇಕು.

ನೂಲಿನ ವಿಷಯ ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿ ಕಡೆಯವರಿಗೆ ನನಗಿಂತ ಚೆನ್ನಾಗಿ ಗೊತ್ತು. ಹತ್ತಿ ನೂಲನ್ನು ‘ಕೌಂಟ್’ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಪೌಂಡ್, ಅಂದರೆ ಸುಮಾರು 454 ಗ್ರಾಂ ನೂಲಿನಲ್ಲಿ 840 ಗಜದ ಲಡಿಗಳು ಎಷ್ಟು ಸಿಗುತ್ತವೆ ಎಂಬುದೇ ಆ ಲೆಕ್ಕ. 20 ಕೌಂಟಿನ ನೂಲು ದಪ್ಪ, 100 ಕೌಂಟಿನದು ತೆಳು. ಸಂಖ್ಯೆ ಏರಿದಷ್ಟೂ ನೂಲು ‘ಫೈನರ್’. ಇಲ್ಲಿ ಹೊಸಬರು ಉಲ್ಟಾ ತಿಳಿಯುತ್ತಾರೆ. ಸಂಖ್ಯೆ ದೊಡ್ಡದಾದರೆ ನೂಲೂ ದಪ್ಪ ಎಂದುಕೊಳ್ಳುತ್ತಾರೆ.

ಮೂರನೆಯದು ಸೊಗಸಿನ ಮನೆ. ಪಕ್ಕದಲ್ಲಿ ಹಾಡುಗಾರ, ಕಟ್ಟಡ, ಊಟ, ಆಟ, ಭಾಷಣ ಇಂಥವು ಇದ್ದರೆ ‘ಫೈನ್’ ಅಂದರೆ ಉತ್ತಮ, ಸೊಗಸಾದ. ‘ಗೋಲ್ ಗುಂಬಜ್ ಈಸ್ ಎ ಫೈನ್ ಬಿಲ್ಡಿಂಗ್’ ಎನ್ನಬಹುದು. ಸುಮಾರು 44 ಮೀಟರ್ ಅಗಲದ ಗುಮ್ಮಟ ಹೊತ್ತ ಕಟ್ಟಡ ಅದು. ಅದರಲ್ಲಿ ಸಣ್ಣದೇನಿದೆ? ಅದೇ ಊರಿನ ಇನ್ನೊಂದು ತುದಿಗೆ ಹೋಗಿ ‘ದಿ ಫೈನ್ ಕಾರ್ವಿಂಗ್ಸ್ ಆಫ್ ಇಬ್ರಾಹಿಂ ರೋಜಾ’ ಎಂದರೆ ಅಲ್ಲಿನ ಕಲ್ಲಿನ ಸೂಕ್ಷ್ಮ ಕೆತ್ತನೆ. ಒಂದು ‘ಫೈನ್’ ಭವ್ಯ, ಇನ್ನೊಂದು ‘ಫೈನ್’ ನವಿರು. ಈ ಎರಡು ವಾಕ್ಯ ಪಕ್ಕಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಮನೆ 2 ಮತ್ತು ಮನೆ 3ರ ನಡುವಿನ ಗೋಡೆ ಎಲ್ಲಿದೆ ಎಂದು ಕಾಣುತ್ತದೆ.

ಗೋಡೆಯಲ್ಲಿ ಒಂದು ಕಿಂಡಿಯೂ ಇದೆ, ಮುಚ್ಚಿಡುವುದಿಲ್ಲ. ‘ಫೈನ್ ಕಾಟನ್’ ಎಂದರೆ ತೆಳು ನೂಲಿನದೋ, ಉತ್ತಮ ದರ್ಜೆಯದೋ? ಬಹಳ ಸಲ ಎರಡೂ. ತೆಳುವಾಗಿ ನೂಲುವುದು ಕಷ್ಟದ ಕೆಲಸ, ಹಾಗಾಗಿ ತೆಳುವಾದದ್ದು ಬೆಲೆಯಲ್ಲೂ ಮೇಲು.

‘ಫೈನ್ ಗೋಲ್ಡ್’ ಕೂಡ ಈ ಮನೆಯ ಹತ್ತಿರದ್ದೇ, ಆದರೆ ಅರ್ಥ ಇನ್ನೂ ಬಿಗಿ: ಕಲಬೆರಕೆ ಇಲ್ಲದ, ಶುದ್ಧ. ಕನ್ನಡದಲ್ಲಿ ಅದಕ್ಕೆ ಅಪರಂಜಿ ಎಂಬ ಚೆಂದದ ಪದವೇ ಇದೆ. ಒಡವೆಯ ಮೇಲಿನ 916 ಎಂಬ ಗುರುತು ‘ಫೈನ್‌ನೆಸ್’, ಅಂದರೆ ಶುದ್ಧತೆಯ ಲೆಕ್ಕ. ಸಾವಿರ ಪಾಲಿನಲ್ಲಿ 916 ಪಾಲು ಚಿನ್ನ. 24ರಲ್ಲಿ 22 ಎಂದರೂ ಅದೇ, ಅದಕ್ಕೇ 22 ಕ್ಯಾರೆಟ್.

ನಾಲ್ಕನೆಯದು ಸೂಕ್ಷ್ಮದ ಮನೆ. ‘ಎ ಫೈನ್ ಡಿಫರೆನ್ಸ್’, ‘ಎ ಫೈನ್ ಲೈನ್’, ‘ಫೈನ್ ಡಿಟೇಲ್ಸ್’. ಪಕ್ಕದಲ್ಲಿ ವ್ಯತ್ಯಾಸ, ಗೆರೆ, ವಿವರ ಇರುತ್ತವೆ. ಕೂದಲೆಳೆಯ ಅಂತರ ಎನ್ನುತ್ತೇವಲ್ಲ, ಅದು.

ಐದನೆಯದು ದಂಡದ ಮನೆ. ಹಂತ 1ರಲ್ಲೇ ನೋಡಿ ಆಯಿತು.

ಇದಲ್ಲದೆ ‘ಫೈನ್ ವೆದರ್’ ಎಂಬುದೊಂದಿದೆ. ಮಳೆ ಇಲ್ಲದೆ ಬಿಸಿಲು ಬಿದ್ದ ಹವೆ. ಸದಾ ಮೋಡ ಕವಿದಿರುವ ಇಂಗ್ಲೆಂಡಿನವರಿಗೆ ಬಿಸಿಲು ಬಿದ್ದರೆ ‘ಫೈನ್’. ಏಪ್ರಿಲ್ ತಿಂಗಳ ವಿಜಯಪುರದಲ್ಲಿ ನಿಂತು ಹಾಗೆ ಹೇಳಲು ನನಗಂತೂ ಬಾಯಿ ಬರುವುದಿಲ್ಲ.

ಹಂತ 3: ಬೇರು ಒಂದೇ ಎಂದು ತಿಳಿದುಕೊಳ್ಳಿ

ಪರೀಕ್ಷೆಗೆ ಇದು ನೇರವಾಗಿ ಬರಲಿಕ್ಕಿಲ್ಲ. ಆದರೆ ಒಮ್ಮೆ ತಿಳಿದರೆ ಐದೂ ಮನೆ ಮರೆಯುವುದಿಲ್ಲ.

ಲ್ಯಾಟಿನ್ ಭಾಷೆಯಲ್ಲಿ ‘ಫೀನಿಸ್’ ಎಂದರೆ ಕೊನೆ, ಎಲ್ಲೆ. ಅದು ಹಳೆಯ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂತು. ಒಂದು ವಸ್ತುವನ್ನು ಕೊನೆ ಮುಟ್ಟುವವರೆಗೆ ತಿದ್ದಿ ತೀಡಿದರೆ ಅದು ಸೊಗಸು. ಕಸ ತೆಗೆಯುತ್ತಾ ಹೋದರೆ ಶುದ್ಧ. ತೀಡುತ್ತಾ ಹೋದರೆ ನುಣುಪು, ತೆಳು, ಸಣ್ಣ. ಮನೆ 2, 3, 4 ಹೀಗೆ ಹುಟ್ಟಿದವು. ‘ಎಲ್ಲ ಸರಿಯಾಗಿದೆ’ ಎಂಬ ಆರಾಮದ ಅರ್ಥ ಆಮೇಲೆ ಅದರಿಂದಲೇ ಕವಲೊಡೆಯಿತು.

ದಂಡ? ಅದೂ ಕೊನೆಯೇ. ಜಗಳ ಕೊನೆಗಾಣಿಸಲು ಕಟ್ಟುವ ಹಣಕ್ಕೆ ಮಧ್ಯಯುಗದ ಯುರೋಪಿನಲ್ಲಿ ಆ ಹೆಸರು ಬಂತು. ನಮ್ಮ ಹಳ್ಳಿ ಕಟ್ಟೆಯಲ್ಲಿ “ಇಷ್ಟು ಕಟ್ಟಿ ಮುಗಿಸಿಬಿಡ್ರಿ” ಎನ್ನುವುದಿಲ್ಲವೇ? ಆ ‘ಮುಗಿಸು’ ಎಂಬುದೇ ‘ಫೈನ್’ ಆಗಿದೆ. ಆರಂಭದಲ್ಲಿ ಬರೆದ ಪೊಲೀಸರ ಫೈನ್ ಪ್ರಶ್ನೆಗೆ ಉತ್ತರ ಇಷ್ಟು.

ಇದೇ ಬೇರಿನ ಬೇರೆ ಚಿಗುರುಗಳನ್ನೂ ಬರೆದುಕೊಳ್ಳಿ. ‘ಫಿನಿಶ್’ ಅಂದರೆ ಮುಗಿಸು. ‘ಫೈನಲ್’ ಅಂದರೆ ಕೊನೆಯ. ‘ಇನ್‌ಫಿನಿಟ್’ ಅಂದರೆ ಕೊನೆ ಇಲ್ಲದ. ‘ಡಿಫೈನ್’ ಎಂದರೆ ಎಲ್ಲೆ ಗುರುತಿಸು, ಅಂದರೆ ಇಂಥದ್ದೇ ಎಂದು ಅರ್ಥ ಹೇಳು. ‘ಕನ್‌ಫೈನ್’ ಎಂದರೆ ಎಲ್ಲೆಯೊಳಗೆ ಕೂಡಿಹಾಕು. ‘ಫೈನಾನ್ಸ್’ ಕೂಡ ಇದರ ತಮ್ಮನೇ, ಮೊದಲು ಸಾಲ ತೀರಿಸಿ ಮುಗಿಸುವ ಅರ್ಥದಲ್ಲಿತ್ತು. ಇಂದಿನ ಫೈನಾನ್ಸ್ ಸಾಲ ಯಾವಾಗ ಮುಗಿಯುತ್ತದೋ, ಅದು ಬೇರೆ ಮಾತು. ‘ರಿಫೈನ್’ ಎಂದರೆ ಮತ್ತೆ ಶುದ್ಧ ಮಾಡು. ಮಹಾಲಿಂಗಪುರದ ಬೆಲ್ಲವನ್ನೂ ರಿಫೈನ್ಡ್ ಸಕ್ಕರೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ, ಈ ಪದ ಇನ್ನೆಂದೂ ಮರೆಯುವುದಿಲ್ಲ.

ಎಚ್ಚರಿಕೆ: ನೋಡಲು ಹತ್ತಿರ ಇರುವ ಎಲ್ಲವೂ ನೆಂಟರಲ್ಲ. ‘ಫೈಂಡ್’, ಅಂದರೆ ಹುಡುಕು ಎಂಬುದಕ್ಕೂ ಮೀನಿನ ‘ಫಿನ್’, ಅಂದರೆ ರೆಕ್ಕೆಗೂ ಇದಕ್ಕೂ ಸಂಬಂಧ ಇಲ್ಲ.

ಹಂತ 4: ಸಮಾನಾರ್ಥಕ ಪದವನ್ನು ಮನೆಗೆ ತಕ್ಕಂತೆ ಹಂಚಿ, ಕೂರಿಸಿ ನೋಡಿ

ಈಗ ಗೈಡಿನ ಆ ಉದ್ದ ಸಾಲನ್ನು ತೆಗೆಯಿರಿ. ಒಂದೊಂದು ಪದವನ್ನೂ ಅದರ ಮನೆಗೆ ಕಳಿಸಿ.

ಆರಾಮದ ಮನೆಗೆ ‘ವೆಲ್’, ‘ಓಕೆ’, ‘ಆಲ್ ರೈಟ್’. ಸಣ್ಣದರ ಮನೆಗೆ ‘ಥಿನ್’, ‘ಪೌಡರಿ’, ‘ಡೆಲಿಕೇಟ್’, ‘ಸ್ಲೆಂಡರ್’. ಸೊಗಸಿನ ಮನೆಗೆ ‘ಎಕ್ಸಲೆಂಟ್’, ‘ಸ್ಪ್ಲೆಂಡಿಡ್’, ‘ಸುಪೀರಿಯರ್’. ಸೂಕ್ಷ್ಮದ ಮನೆಗೆ ‘ಸಟಲ್’, ‘ಮೈನ್ಯೂಟ್’. ‘ಸಟಲ್’ ಪದದಲ್ಲಿ ಬರೆಯುವ ‘ಬಿ’ ಅಕ್ಷರವನ್ನು ಉಚ್ಚರಿಸಬಾರದು. ದಂಡದ ಮನೆಗೆ ‘ಪೆನಾಲ್ಟಿ’.

ಹಂಚಿದ ಮೇಲೆ ಪರೀಕ್ಷೆ ಮಾಡಿ. ವಾಕ್ಯದಲ್ಲಿ ‘ಫೈನ್’ ತೆಗೆದು ಆ ಪದ ಕೂರಿಸಿ. ‘ಐ ಆಮ್ ಓಕೆ’ ಕೂರುತ್ತದೆ. ‘ಐ ಆಮ್ ಸ್ಲೆಂಡರ್’ ಎಂದರೆ ನಾನು ತೆಳ್ಳಗಿದ್ದೇನೆ ಎಂದಾಗುತ್ತದೆ. ವಾಕ್ಯ ಸರಿ, ಆದರೆ ಮಾತೇ ಬೇರೆ. ‘ಎಕ್ಸಲೆಂಟ್ ಡಸ್ಟ್’ ಎಂದರೆ ಉತ್ತಮವಾದ ಧೂಳು. ನಗು ಬಂತಲ್ವಾ? ನಗು ಬಂದರೆ ಮನೆ ತಪ್ಪಿದೆ ಎಂದೇ ಅರ್ಥ.

ಸರಿಯಾದ ಮನೆಯ ಪದವೂ ಎಲ್ಲ ಕಡೆ ಕೂರುವುದಿಲ್ಲ. ‘ಪೆನಾಲ್ಟಿ’ ಮತ್ತು ‘ಫೈನ್’ ನೋಡಿ. ಫೈನ್ ಎಂದರೆ ಹಣ ಮಾತ್ರ. ಪೆನಾಲ್ಟಿ ಯಾವ ರೂಪದಲ್ಲೂ ಇರಬಹುದು. ಫುಟ್‌ಬಾಲಿನಲ್ಲಿ ‘ಪೆನಾಲ್ಟಿ ಕಿಕ್’ ಇದೆ, ‘ಫೈನ್ ಕಿಕ್’ ಎಂದರೆ ಸೊಗಸಾಗಿ ಒದ್ದ ಚೆಂಡು. ಮರಣದಂಡನೆಗೆ ‘ಡೆತ್ ಪೆನಾಲ್ಟಿ’ ಎನ್ನುತ್ತಾರೆ, ಅಲ್ಲಿ ‘ಫೈನ್’ ಬರುವಂತೆಯೇ ಇಲ್ಲ. ‘ಡ್ಯಾಮೇಜಸ್’ ಇನ್ನೊಂದು. ಅದು ನಷ್ಟ ಆದವನ ಕೈಗೆ ಸೇರುವ ಪರಿಹಾರ. ಕೋರ್ಟು ಹಾಕಿದ ಫೈನ್ ಸಾಮಾನ್ಯವಾಗಿ ಸರ್ಕಾರದ ಖಜಾನೆಗೆ ಹೋಗುತ್ತದೆ. ನಾವು “ಚಲನ್ ಬಿತ್ತು” ಎನ್ನುತ್ತೇವೆ, ಆದರೆ ಚಲನ್ ನಮ್ಮ ದೇಶದ ಪದ. ಬ್ರಿಟನ್ನಿನವರಿಗೆ ಹೇಳಿದರೆ ಕಣ್ಣು ಬಿಡುತ್ತಾರೆ.

ಕನ್ನಡಕ್ಕೆ ತರುವಾಗಲೂ ಇದೇ ನಿಯಮ. ‘ಫೈನ್’ಗೆ ಒಂದೇ ಕನ್ನಡ ಪದ ಹುಡುಕಬೇಡಿ. ಆರಾಮ, ಸಣ್ಣ, ನುಣ್ಣನೆಯ, ತೆಳು, ಸೊಗಸು, ಅಪರಂಜಿ, ಸೂಕ್ಷ್ಮ, ದಂಡ, ಜುಲ್ಮಾನೆ ಎಲ್ಲವೂ ಬೇಕಾಗುತ್ತವೆ. ಇಂಗ್ಲಿಷೇ ವಿಚಿತ್ರ ಎಂದು ಬೈಯುವ ಮೊದಲು ನಮ್ಮ ‘ದಂಡ’ವನ್ನು ನೋಡಿ. ಅದು ಕೋಲೂ ಹೌದು, ಕಟ್ಟುವ ಹಣವೂ ಹೌದು. “ರೊಕ್ಕ ಎಲ್ಲಾ ದಂಡ ಆತು” ಎಂದರೆ ವ್ಯರ್ಥವೂ ಹೌದು. ಕನ್ನಡ ಕಲಿಯುವವರು ನಮ್ಮನ್ನು ಇದೇ ಪ್ರಶ್ನೆ ಕೇಳುತ್ತಿರಬಹುದು.

ಹಂತ 5: ವಿರುದ್ಧ ಪದದಿಂದ ಖಚಿತ ಮಾಡಿಕೊಳ್ಳಿ

ಮನೆ ಯಾವುದೆಂದು ಅನುಮಾನ ಇದ್ದರೆ ವಿರುದ್ಧ ಪದ ಹಾಕಿ ನೋಡಿ. ‘ಐ ಆಮ್ ಫೈನ್’ಗೆ ವಿರುದ್ಧ ‘ಐ ಆಮ್ ಅನ್‌ವೆಲ್’. ಸೊಗಸಿಗೆ ವಿರುದ್ಧ ‘ಪೂರ್’ ಅಥವಾ ‘ಇನ್‌ಫೀರಿಯರ್’. ದಂಡಕ್ಕೆ ನೇರ ವಿರುದ್ಧ ಪದ ಇಲ್ಲ. ಪರೀಕ್ಷೆಯ ಆಯ್ಕೆಗಳಲ್ಲಿ ‘ರಿವಾರ್ಡ್’, ಅಂದರೆ ಬಹುಮಾನ ಇದ್ದರೆ ಅದನ್ನೇ ಗುರುತು ಮಾಡಿ.

ಸಣ್ಣದಕ್ಕೆ ವಿರುದ್ಧ ‘ಕೋರ್ಸ್’, ಅಂದರೆ ತರಿ, ದಪ್ಪ, ಒರಟು. ಕಲಿಯುವ ‘ಕೋರ್ಸ್’ ಇದಲ್ಲ. ಉಚ್ಚಾರ ಒಂದೇ, ಸ್ಪೆಲಿಂಗ್ ಬೇರೆ, ಮಧ್ಯದಲ್ಲಿ ‘ಓ-ಎ’ ಬರುತ್ತದೆ. ಈ ಪದದ ಮೇಲೆ ನನಗೊಂದು ಸಿಟ್ಟಿದೆ. ಸರ್ಕಾರದ ಕಾಗದಪತ್ರಗಳಲ್ಲಿ ಜೋಳ, ಸಜ್ಜೆಗಳನ್ನು ಬಹಳ ಕಾಲ ‘ಕೋರ್ಸ್ ಸೀರಿಯಲ್ಸ್’ ಎಂದೇ ಬರೆಯುತ್ತಿದ್ದರು. ನಮ್ಮ ಬಿಳಿಜೋಳ ಒರಟು ಧಾನ್ಯವಂತೆ, ಅಕ್ಕಿ, ಗೋದಿ ನಯವಂತೆ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಇವುಗಳಿಗೆ ‘ನ್ಯೂಟ್ರಿ ಸೀರಿಯಲ್ಸ್’, ಅಂದರೆ ಪೌಷ್ಟಿಕ ಧಾನ್ಯ ಎಂದು ಹೆಸರು ಕೊಟ್ಟಿತು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೂ ಆಯಿತು. ಒಂದು ಗುಣವಾಚಕ ಬದಲಾಗಲು ಇಷ್ಟು ಕಾಲ ಬೇಕಾಯಿತು.

ಹಂತ 6: ಬಾಲ ಬದಲಾದಾಗ ಎಚ್ಚರ

ಇಲ್ಲಿ ಅಂಕ ಕಳೆದುಕೊಳ್ಳುವವರು ಜಾಸ್ತಿ.

‘ಫೈನ್’ ಮತ್ತು ‘ಫೈನ್‌ಲಿ’ ಎರಡೂ ಅಡ್ವರ್ಬ್ ಆಗುತ್ತವೆ, ಆದರೆ ಅದಲುಬದಲು ಆಗುವುದಿಲ್ಲ. ‘ದಿ ಪಂಪ್ ವರ್ಕ್ಸ್ ಫೈನ್’ ಎಂದರೆ ಪಂಪು ಸರಿಯಾಗಿ ನಡೆಯುತ್ತಿದೆ. ಇಲ್ಲಿ ‘ಫೈನ್‌ಲಿ’ ಹಾಕಿದರೆ ತಪ್ಪು. ‘ಫೈನ್‌ಲಿ ಚಾಪ್ಡ್ ಆನಿಯನ್ಸ್’ ಎಂದರೆ ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ. ಗಿರ್ಮಿಟ್‌ಗೆ ಹಾಕುತ್ತಾರಲ್ಲ, ಹಾಗೆ.

‘ಫೈನ್‌ಲಿ’ ಬರೆಯಲು ಹೋಗಿ ‘ಫೈನಲಿ’ ಬರೆದರೆ ಕೊನೆಗೂ ಎಂಬ ಅರ್ಥ ಬರುತ್ತದೆ. ಉಳ್ಳಾಗಡ್ಡಿಯನ್ನು ಕೊನೆಗೂ ಹೆಚ್ಚಿದರು ಎಂದಾಯಿತು. ಎರಡೂ ಒಂದೇ ಬೇರಿನವು, ಹಾಗಾಗಿ ಕಣ್ಣು ಮೋಸ ಹೋಗುವುದು ಸಹಜ.

‘ಐ ಆಮ್ ವೆರಿ ಫೈನ್’ ಎನ್ನಬೇಡಿ. ಕೇಳುವ ಕಿವಿಗೆ ಹಿತವಾಗಿರುವುದಿಲ್ಲ. ಬೇಕಿದ್ದರೆ ‘ವೆರಿ ವೆಲ್’ ಎನ್ನಿ. ಆದರೆ ‘ವೆರಿ ಫೈನ್ ಪೌಡರ್’ ಸರಿ. ಮನೆ ಬದಲಾದರೆ ನಿಯಮವೂ ಬದಲು.

“ಅವರಿಗೆ ಆರಾಮಿಲ್ರಿ” ಎಂಬುದನ್ನು ‘ಹಿ ಈಸ್ ನಾಟ್ ಫೈನ್’ ಎಂದು ತರ್ಜುಮೆ ಮಾಡುತ್ತಾರೆ. ‘ಹಿ ಈಸ್ ನಾಟ್ ವೆಲ್’ ಎಂದರೆ ಸಾಕು. ರಜಾಚೀಟಿ ಬರೆಯುವವರು ಗಮನಿಸಿ.

ದಂಡ ಯಾತಕ್ಕೆ ಎಂದು ಹೇಳಲು ‘ಫಾರ್’ ಹಾಕಿ. ‘ಫೈನ್ಡ್ ಫೈವ್ ಹಂಡ್ರೆಡ್ ರುಪೀಸ್ ಫಾರ್ ಓವರ್‌ಸ್ಪೀಡಿಂಗ್.’ ಹಣದ ಮೊತ್ತಕ್ಕೆ ಮುಂಚೆ ‘ಆಫ್’, ‘ವಿತ್’ ಏನೂ ಬೇಡ. ಆದರೆ ನಾಮಪದ ಆಗಿದ್ದಾಗ ‘ಎ ಫೈನ್ ಆಫ್ ಫೈವ್ ಹಂಡ್ರೆಡ್ ರುಪೀಸ್’ ಎಂದು ‘ಆಫ್’ ಬೇಕು.

ಹಂತ 7: ನುಡಿಗಟ್ಟುಗಳನ್ನು ಒಡೆಯದೆ ಇಡಿಯಾಗಿ ಕಲಿಯಿರಿ

‘ಫೈನ್ ಪ್ರಿಂಟ್’ ಎಂದರೆ ಕರಾರುಪತ್ರದ ಕೆಳಗೆ ಇರುವೆ ಸಾಲಿನಂತೆ ಅಚ್ಚಾದ ಷರತ್ತುಗಳು. ‘ಫೈನ್ ಆರ್ಟ್ಸ್’ ಲಲಿತಕಲೆ. ‘ವಿತ್ ಎ ಫೈನ್-ಟೂತ್ ಕೋಮ್’ ಎಂದರೆ ಸೀರಣಿಗೆ ಹಾಕಿ ಬಾಚಿದ ಹಾಗೆ, ಒಂದೂ ಬಿಡದೆ ಹುಡುಕುವುದು. ‘ಕಟ್ ಇಟ್ ಫೈನ್’ ಎಂಬುದರಲ್ಲಿ ಕತ್ತರಿಸುವುದು ಏನೂ ಇಲ್ಲ. ರೈಲು ಹೊರಡಲು ಎರಡು ನಿಮಿಷ ಇರುವಾಗ ಸ್ಟೇಷನ್ ಮುಟ್ಟುವಷ್ಟು ಕಡಿಮೆ ಸಮಯ ಇಟ್ಟುಕೊಳ್ಳುವುದು.

‘ಒನ್ ಫೈನ್ ಡೇ’ ಎಂದರೆ ಒಂದು ದಿನ, ಅಷ್ಟೇ. ಆ ದಿನ ಒಳ್ಳೆಯದೇ ಆಗಿರಬೇಕಿಲ್ಲ. ನಮ್ಮ ದೇಶದ ಇಂಗ್ಲಿಷಿನಲ್ಲಿ ‘ಒನ್ ಫೈನ್ ಡೇ ಹಿ ಲಾಸ್ಟ್ ಹಿಸ್ ಜಾಬ್’ ಎಂದೂ ಹೇಳುತ್ತಾರೆ. ಇದನ್ನು ‘ಒಂದು ಶುಭದಿನ ಕೆಲಸ ಕಳೆದುಕೊಂಡ’ ಎಂದು ಕನ್ನಡಿಸಿದವರ ಉತ್ತರಪತ್ರಿಕೆ ನಾನೇ ನೋಡಿದ್ದೇನೆ.

ದನಿಯನ್ನೂ ಕೇಳಿಸಿಕೊಳ್ಳಿ. ‘ಎ ಫೈನ್ ಫ್ರೆಂಡ್ ಯು ಆರ್!’ ಎಂದರೆ ಹೊಗಳಿಕೆ ಅಲ್ಲ. “ಭಾಳ ಚಲೋ ಗೆಳೆಯಾ ನೋಡು ನೀ!” ಎಂಬ ಕುಟುಕು. ವಾಟ್ಸಾಪಿನಲ್ಲಿ ಬರೀ ‘ಫೈನ್’ ಎಂದು ಬರೆದು ಚುಕ್ಕಿ ಇಟ್ಟು ಕಳಿಸಿದರೆ ಒಪ್ಪಿಗೆ ಎಂದು ಖುಷಿಪಡಬೇಡಿ. ಅದು ಬಹುಮಟ್ಟಿಗೆ “ಆತು ಬಿಡು.” ಆಮೇಲೆ ಫೋನ್ ಮಾಡಿ ಮಾತಾಡುವುದು ಒಳ್ಳೆಯದು.

ಹಂತ 8: ಮಾಡಿ ನೋಡಿ

ಉತ್ತರ ಕೆಳಗೇ ಇದೆ, ಕೈ ಅಡ್ಡ ಇಟ್ಟುಕೊಳ್ಳಿ. ಪ್ರತಿ ವಾಕ್ಯದಲ್ಲೂ ಮೊದಲು ಕೆಲಸ, ಆಮೇಲೆ ಪಕ್ಕದ ಪದ, ಕೊನೆಗೆ ಮನೆ.

1. ಗ್ರೈಂಡ್ ದಿ ಚಟ್ನಿ ಟು ಎ ಫೈನ್ ಪೇಸ್ಟ್.
2. ಶೀ ಈಸ್ ಎ ಫೈನ್ ಸಿಂಗರ್.
3. ದಿ ಲೈಬ್ರರಿ ಕಲೆಕ್ಟ್ಸ್ ಎ ಫೈನ್ ಫಾರ್ ಲೇಟ್ ಬುಕ್ಸ್.
4. ದೇರ್ ಈಸ್ ಎ ಫೈನ್ ಲೈನ್ ಬಿಟ್ವೀನ್ ಕರೇಜ್ ಆಂಡ್ ಫಾಲಿ.
5. ಮೋರ್ ರೊಟ್ಟಿ? ನೋ, ಐ ಆಮ್ ಫೈನ್.
6. ಶೀ ವೋರ್ ಎ ಫೈನ್ ಸಾರಿ.

ಒಂದನೆಯದು ಸಣ್ಣದರ ಮನೆ: ಚಟ್ನಿಯನ್ನು ನುಣ್ಣಗೆ ಅರೆಯಿರಿ. ಎರಡನೆಯದು ಸೊಗಸಿನದು. ‘ಥಿನ್ ಸಿಂಗರ್’ ಎಂದು ಗುರುತು ಮಾಡಿದವರು ಹಂತ 4 ಮತ್ತೊಮ್ಮೆ ಓದಿ. ಮೂರನೆಯದು ದಂಡ. ಇದರಲ್ಲಿ ‘ಎ ಫೈನ್’ ಆದ ಮೇಲೆ ‘ಫಾರ್’ ಇದೆ, ಬೇರೆ ಹೆಸರಿಲ್ಲ. ನಾಲ್ಕನೆಯದು ಸೂಕ್ಷ್ಮದ ಮನೆ: ಧೈರ್ಯಕ್ಕೂ ಹುಚ್ಚುತನಕ್ಕೂ ಕೂದಲೆಳೆಯ ಅಂತರ. ಐದನೆಯದಕ್ಕೆ ಉತ್ತರ ‘ಸಾಕು’. ಇನ್ನೊಂದು ರೊಟ್ಟಿ ಹಾಕಬೇಡಿ.

ಆರನೆಯದಕ್ಕೆ ಈ ಒಂದೇ ವಾಕ್ಯದಿಂದ ಉತ್ತರ ಹೇಳಲು ಬರುವುದಿಲ್ಲ. ಬೇಕೆಂದೇ ಕೊಟ್ಟಿದ್ದೇನೆ. ಮುಂದಿನ ವಾಕ್ಯ ‘ಯು ಕುಡ್ ಆಲ್ಮೋಸ್ಟ್ ಸೀ ಥ್ರೂ ಇಟ್’ ಎಂದಿದ್ದರೆ ತೆಳು ಸೀರೆ. ‘ಎವ್ರಿವನ್ ಅಡ್ಮೈರ್ಡ್ ಇಟ್’ ಎಂದಿದ್ದರೆ ಸೊಗಸಾದ ಸೀರೆ. ಪ್ರಶ್ನೆಪತ್ರಿಕೆಯಲ್ಲಿ ಇಂಥ ವಾಕ್ಯ ಬಂದರೆ ಆಯ್ಕೆಗಳನ್ನು ನೋಡಿ. ಎರಡು ಮನೆಗಳಲ್ಲಿ ಒಂದರ ಪದ ಮಾತ್ರ ಸಾಮಾನ್ಯವಾಗಿ ಅಲ್ಲಿ ಇರುತ್ತದೆ.